ಬೆರಳಿನ ಗಂಟು ಮತ್ತು ವೈದ್ಯರ ತೀರ್ಪು

ಹೈದರಾಬಾದಿನ ಬೇಗಂಪೇಟೆಯಲ್ಲಿ ಇಂದಿಗೂ ನಿಂತಿರುವ ಹಳೆಯ ಕಟ್ಟಡವೊಂದರಲ್ಲಿ, 1897ರ ಆಗಸ್ಟ್ 20ರಂದು, ರೊನಾಲ್ಡ್ ರಾಸ್ ಎಂಬ ಸೇನಾವೈದ್ಯನು ಸೊಳ್ಳೆಯ ಜಠರಭಿತ್ತಿಯಲ್ಲಿ ಕಪ್ಪು ಕಣಗಳನ್ನೊಳಗೊಂಡ ಕೋಶಗಳನ್ನು ಕಂಡು ಮಲೇರಿಯಾದ ರಹಸ್ಯವನ್ನು ಭೇದಿಸಿದನೆಂಬುದು ಸರ್ವವಿದಿತವಾದ ಸಂಗತಿ. ಆದರೆ ಆ ಸೊಳ್ಳೆಯು ನಾಲ್ಕು ದಿನಗಳ ಹಿಂದೆ ಹುಸೇನ್ ಖಾನ್ ಎಂಬ ಜ್ವರಪೀಡಿತನ ರಕ್ತವನ್ನು ಹೀರಿತ್ತೆಂಬ ಪೂರ್ವವೃತ್ತಾಂತವು ರಾಸನಿಗೆ ತಿಳಿಯದೆ ಇದ್ದಿದ್ದರೆ, ಆ ಚುಕ್ಕೆಗಳಿಗೆ ಅರ್ಥವೇ ಹುಟ್ಟುತ್ತಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕೆ ಅದರ ಹಿನ್ನೆಲೆಯೇ ಅರ್ಥ ಕೊಡುತ್ತದೆಂಬ ಈ ಪಾಠವು ಇಂದು ಅದೇ ನಗರಕ್ಕೆ ಬರುವ ರೋಗಿಗಳಿಗೂ ಸಲ್ಲುತ್ತದೆ.

ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದುವು. ಗಡಿಯು ಬದಲಾದರೂ ಅಲ್ಲಿಯ ಕನ್ನಡಿಗ ರೋಗಿಗಳು ಈ ನಗರದ ದವಾಖಾನೆಗಳಿಗೆ ಬರುವ ದಾರಿ ಬದಲಾಗಿಲ್ಲ. ಹೀಗೆ ಬರುವವರ ಅಸಂಖ್ಯ ಬೇನೆಗಳ ನಡುವೆ ವೈದ್ಯರಿಗೂ ಅಪರೂಪವಾದದ್ದೊಂದು ಇದೆ: ಎಲುಬಿಗೂ ಕೀಲಿಗೂ ಅಂಟದೆ, ಬೆರಳಿನ ಮಾಂಸದಲ್ಲಿಯೋ ಸ್ನಾಯುರಜ್ಜುವಿನ ಪಕ್ಕದಲ್ಲಿಯೋ, ತನಗೆ ಸಲ್ಲದ ಸ್ಥಳದಲ್ಲಿ ಮೆಲ್ಲಗೆ ಬೆಳೆಯುವ ಮೃದ್ವಸ್ಥಿಯ ಗಂಟು, ಅಂದರೆ ಮೃದು ಅಂಗಾಂಶದ ಕೊಂಡ್ರೋಮಾ. ಇದು ಸಾಮಾನ್ಯವಾಗಿ ಮೂವತ್ತರಿಂದ ಅರವತ್ತರ ವಯಸ್ಸಿನವರಲ್ಲಿ, ಬಹುಪಾಲು ಕೈಕಾಲುಗಳ ಬೆರಳುಗಳಲ್ಲಿ, ನೋವಿಲ್ಲದೆ ಹುಟ್ಟಿ, ಮೂರು ಸೆಂಟಿಮೀಟರನ್ನು ಮೀರುವುದು ವಿರಳ. ಇದು ಕ್ಯಾನ್ಸರ್ ಅಲ್ಲ, ದೇಹದಲ್ಲಿ ಹರಡುವುದಿಲ್ಲ.

ಇಷ್ಟು ನಿರುಪದ್ರವಿಯಾದ ಗಂಟಿನ ವಿಷಯದಲ್ಲಿ ಅಪಾಯವೆಲ್ಲಿಯದೆಂದರೆ, ಅದು ಸೂಕ್ಷ್ಮದರ್ಶಕದ ಕೆಳಗೆ ತೋರುವ ಮುಖದಲ್ಲಿ. ಕೆಲವೊಮ್ಮೆ ಕೋಶಗಳು ದಟ್ಟವಾಗಿ ನೆರೆದಿರುತ್ತವೆ, ಅವುಗಳ ಕೇಂದ್ರಗಳು ಉಬ್ಬಿರುತ್ತವೆ, ಒಂದೇ ಕೋಶದಲ್ಲಿ ಎರಡು ಕೇಂದ್ರಗಳೂ ಕಾಣಿಸುತ್ತವೆ. ಅದೇ ನೋಟವು ಸೊಂಟದ ಎಲುಬಿನ ತುಣುಕಿನಲ್ಲಿ ಕಂಡಿದ್ದರೆ ಕೊಂಡ್ರೋಸಾರ್ಕೋಮಾ ಎಂಬ ಮೃದ್ವಸ್ಥಿಯ ಕ್ಯಾನ್ಸರಿನ ಘೋರ ಸಂಶಯಕ್ಕೆ ಎಡೆಯಾಗುತ್ತಿತ್ತು, ಬೆರಳಿನಲ್ಲಿಯಾದರೋ ಅದಕ್ಕೆ ಅಷ್ಟು ಬೆಲೆಯಿಲ್ಲ. 1978ರಲ್ಲಿ ಚುಂಗ್ ಮತ್ತು ಎನ್ಜಿಂಗರ್ ಎಂಬ ಅಮೆರಿಕದ ವಿದ್ವಾಂಸರು 104 ಪ್ರಕರಣಗಳನ್ನು ಕಲೆಹಾಕಿ ಪ್ರಕಟಿಸಿದ ಅಧ್ಯಯನವು ಈ ಗಂಟಿನ ಬಹುವೇಷವನ್ನು ಚೆನ್ನಾಗಿ ಪರಿಚಯಿಸಿತು. ಸ್ಥಳವನ್ನು ತಿಳಿಸದೆ ಕಳುಹಿಸಿದ ತುಣುಕನ್ನು ನೋಡಿ ಕೊಟ್ಟ ತೀರ್ಪಿನಿಂದ ಉಳಿಯಬೇಕಾಗಿದ್ದ ಬೆರಳು ಹೋದರೆ, ಆ ಹೊಣೆಯನ್ನು ಸ್ಲೈಡ್ ನೋಡಿದವರ ಮೇಲೆ ಮಾತ್ರ ಹೊರಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಹಾಗೆಂದು ಮೃದ್ವಸ್ಥಿಯೆಲ್ಲ ಸಾಧುವೆಂದು ನಿಶ್ಚಿಂತರಾಗುವುದೂ ಸಲ್ಲದು. ತೊಡೆಯ ಆಳದಲ್ಲಿ ಬೆಳೆದ ದೊಡ್ಡ ಗಡ್ಡೆಯ ನ್ಯಾಯವೇ ಬೇರೆ. ಆದ್ದರಿಂದ ಸ್ಲೈಡಿನ ಜೊತೆಗೆ ಚಿತ್ರವನ್ನೂ ನೋಡಬೇಕು. ಎಕ್ಸ್‌ರೇ ಚಿತ್ರದಲ್ಲಿ ಉಂಗುರದಂತೆಯೋ ಕಮಾನಿನಂತೆಯೋ ಸುಣ್ಣದಂಶವು ಕಾಣಿಸಿದರೆ ಮೃದ್ವಸ್ಥಿಯ ಸುಳಿವು ದೊರೆಯುತ್ತದೆ. ಗಂಟು ಎಲುಬಿನಿಂದ ಪ್ರತ್ಯೇಕವಾಗಿದೆಯೆಂಬುದನ್ನೂ ಅದೇ ಚಿತ್ರವು ಹೇಳುತ್ತದೆ. ಎಂಆರ್‌ಐ ಇದನ್ನು ಇನ್ನಷ್ಟು ಸ್ಪಷ್ಟಪಡಿಸಬಲ್ಲುದು. ಸುಣ್ಣದಂಶವು ದಟ್ಟವಾದಾಗ ಗೌಟ್ ರೋಗದ ಗಂಟೂ ಇದರ ವೇಷದಲ್ಲಿ ಬಂದು ವೈದ್ಯರನ್ನು ವಂಚಿಸುತ್ತದೆ. ಗೌಟಿನ ಯೂರೇಟ್ ಹರಳುಗಳು ತುಣುಕುಗಳನ್ನು ಸಾಮಾನ್ಯವಾಗಿ ಇಡುವ, ನೀರಿನಂಶವುಳ್ಳ ಫಾರ್ಮಲಿನ್ನಿನಲ್ಲಿ ಕರಗಿಹೋಗುವುದರಿಂದ, ಆ ಸಂಶಯವಿದ್ದ ತುಣುಕನ್ನು ಆಲ್ಕೋಹಾಲಿನಲ್ಲಿಡಬೇಕು. ಸಂಶಯವನ್ನು ಶಸ್ತ್ರವೈದ್ಯರು ಮುಂಚಿತವಾಗಿ ಹೇಳದಿದ್ದರೆ ಪ್ರಯೋಗಶಾಲೆಗೆ ಅದು ಹೇಗೆ ಗೊತ್ತಾಗಬೇಕು? ಇತ್ತೀಚೆಗೆ ಇಂಥ ಹಲವು ಗಂಟುಗಳಲ್ಲಿ ಎಫ್‌ಎನ್1 ಎಂಬ ಜೀನು ಮತ್ತೊಂದು ಜೀನಿನೊಡನೆ ಬೆಸೆದುಕೊಂಡಿರುವುದೂ ಪತ್ತೆಯಾಗಿದೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ; ರೋಗಿ, ಎಕ್ಸ್‌ರೇ, ಸ್ಲೈಡ್ ಈ ಮೂರನ್ನೂ ಒಟ್ಟಿಗೆ ನೋಡಿದರೆ ಸಾಕು.

ಚಿಕಿತ್ಸೆಯ ಮಾತು ಸರಳ. ಗಂಟನ್ನು ಪೂರ್ಣವಾಗಿ ತೆಗೆದುಹಾಕುವುದೇ ಉಪಾಯ. ನೂರರಲ್ಲಿ ಸುಮಾರು 15ರಿಂದ 20 ಮಂದಿಗೆ ಅದು ಮರುಕಳಿಸಬಹುದು, ಆಗ ಮತ್ತೊಮ್ಮೆ ತೆಗೆದರಾಯಿತು.

ಆದಕಾರಣ, ಬೆರಳಿನ ಗಂಟಿನ ಪರೀಕ್ಷೆಗಾಗಿ ಊರಿಂದ ಹೊರಡುವವರು ಹಳೆಯ ಎಕ್ಸ್‌ರೇ ಫಿಲ್ಮನ್ನು ಮನೆಯ ಅಟ್ಟದ ಮೇಲೆ ಬಿಟ್ಟು ಬರಬಾರದು. ಈಗಾಗಲೇ ಬಯಾಪ್ಸಿಯಾಗಿದ್ದರೆ ಆ ಆಸ್ಪತ್ರೆಯಿಂದ ಸ್ಲೈಡುಗಳನ್ನೂ, ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕನ್ನೂ ಕೇಳಿ ಪಡೆದು ಜೊತೆಯಲ್ಲಿ ತರಬೇಕು. ಮತ್ತು ಬೆರಳನ್ನು ಕತ್ತರಿಸಬೇಕೆಂಬ ಮಾತು ಬಂದಲ್ಲಿ, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು, ಎಲುಬಿನ ಗಡ್ಡೆಗಳಲ್ಲಿ ಪರಿಣತರಾದ ಇನ್ನೊಬ್ಬ ಪೆಥಾಲಜಿಸ್ಟರಿಗೆ ಅವೆಲ್ಲವನ್ನೂ ಒಟ್ಟಿಗೆ ತೋರಿಸಬೇಕು.