ಕರೆಯದೆ ಬಂದ ಓಲೆ, ಕೇಳಿ ಪಡೆದ ಓಲೆ

1978ರ ಮೇ 3ರಂದು ಅಮೆರಿಕದ ಪಶ್ಚಿಮ ಕರಾವಳಿಯ ಸುಮಾರು 400 ಮಂದಿ ಕಂಪ್ಯೂಟರ್ ಬಳಕೆದಾರರಿಗೆ ಒಂದೇ ಒಕ್ಕಣೆಯ ಇ-ಮೇಲ್ ಬಂತು. ಕಳುಹಿಸಿದವರು ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪೆನಿಯ ಮಾರಾಟ ವಿಭಾಗದ ಗ್ಯಾರಿ ಥರ್ಕ್. ಕಂಪೆನಿಯ ಹೊಸ ಯಂತ್ರಗಳನ್ನು ಕ್ಯಾಲಿಫೋರ್ನಿಯಾದ ಎರಡು ಕಡೆ ಪ್ರದರ್ಶಿಸಲಾಗುವುದು, ಬಂದು ನೋಡಿ ಎಂಬುದಷ್ಟೇ ಅದರ ಸಾರಾಂಶ.

ಇಂದಿನವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಆಗ ದೊಡ್ಡ ಗದ್ದಲವೇ ಆಯಿತು. ಪತ್ರ ಸಾಗಿದ ‘ಅರ್ಪಾನೆಟ್’ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ ಸಂಶೋಧನಾ ಜಾಲ; ಅಲ್ಲಿ ವ್ಯಾಪಾರಕ್ಕೆ ಆಸ್ಪದವಿರಲಿಲ್ಲ. ಸದಸ್ಯರ ಹೆಸರುಗಳಿದ್ದ ಕೈಪಿಡಿಯನ್ನು ಮುಂದಿಟ್ಟುಕೊಂಡು ವಿಳಾಸಗಳನ್ನು ಒಂದೊಂದಾಗಿ ಟೈಪ್ ಮಾಡಲಾಗಿತ್ತು. ವಿಳಾಸಕ್ಕೆಂದು ಇದ್ದ ಜಾಗ ತುಂಬಿ, ಉಳಿದ ಹೆಸರುಗಳು ಪತ್ರದ ಒಡಲೊಳಕ್ಕೇ ನುಗ್ಗಿದ್ದವು. ಇದು ನಿಯಮದ ಸ್ಪಷ್ಟ ಉಲ್ಲಂಘನೆ ಎಂದು ಜಾಲದ ಮೇಲ್ವಿಚಾರಕರು ಆಕ್ಷೇಪಿಸಿದರು. ಆದರೆ ಅದರಿಂದ ಒಂದು ಕೋಟಿ ಡಾಲರಿಗೂ ಮೀರಿದ ವ್ಯಾಪಾರವಾಯಿತೆಂದು ಥರ್ಕ್ ಮುಂದೆ ಹೇಳಿಕೊಂಡರು.

ಕರೆಯದೆ ಬಂದ ಪತ್ರದಿಂದಲೂ ವ್ಯಾಪಾರ ಕುದುರುವುದಾದರೆ ಜನ ಅದಕ್ಕೆ ಮುನಿಯುವುದೇಕೆ? ಉತ್ತರ ಖರ್ಚಿನ ಲೆಕ್ಕದಲ್ಲಿದೆ.

ಅಂಚೆ ಖರ್ಚು ಯಾರದು?

ಕಾಗದದ ಕರಪತ್ರಕ್ಕೆ ಅಚ್ಚಿನ ಖರ್ಚು, ಲಕೋಟೆ, ಅಂಚೆಚೀಟಿ ಎಲ್ಲವೂ ಕಳುಹಿಸುವವನದೇ. ಆದ್ದರಿಂದ ಯಾರಿಗೆ ಕಳುಹಿಸಿದರೆ ಪ್ರಯೋಜನ ಎಂದು ಆತ ಹತ್ತು ಸಲ ಯೋಚಿಸುತ್ತಾನೆ. ಇ-ಮೇಲ್‌ಗೆ ಆ ಕಡಿವಾಣವಿಲ್ಲ. ನೂರು ಜನರಿಗೆ ಕಳುಹಿಸುವುದಕ್ಕೂ ಲಕ್ಷ ಜನರಿಗೆ ಕಳುಹಿಸುವುದಕ್ಕೂ ಖರ್ಚಿನಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಹೊರೆ ಬೀಳುವುದು ಪಡೆಯುವವರ ಮೇಲೆ: ಅವರ ಸಮಯ, ಅವರ ಸಂಪರ್ಕದ ವೆಚ್ಚ. ಭಾರತದಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ಆರಂಭಿಸಿದಾಗ ಸಂಪರ್ಕ ಟೆಲಿಫೋನ್ ತಂತಿಯ ಮೂಲಕವೇ ಇತ್ತು. ಬೇಡದ ಪತ್ರ ಇಳಿಯುತ್ತಿದ್ದಾಗಲೂ ಟೆಲಿಫೋನ್ ಮೀಟರ್ ಓಡುತ್ತಲೇ ಇರುತ್ತಿತ್ತು!

ಕಟ್ಟೆಯ ಮೇಲೆ ಡಂಗುರ

ಇ-ಮೇಲ್ ಒಬ್ಬೊಬ್ಬರ ಮನೆಬಾಗಿಲಿಗೆ ಬರುವ ಓಲೆಯಾದರೆ, ಚರ್ಚಾ ವೇದಿಕೆ ಊರಿನ ಅರಳಿಕಟ್ಟೆ ಇದ್ದಂತೆ. ಅಂಥ ಕಟ್ಟೆಗಳಲ್ಲಿ ದೊಡ್ಡದು ‘ಯೂಸ್‌ನೆಟ್’. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ನಡುವೆ 1980ರಲ್ಲಿ ಆರಂಭವಾದ ಇದು ಕ್ರಮೇಣ ಸಾವಿರಾರು ವಿಷಯಗಳ ಗುಂಪುಗಳಾಗಿ ಬೆಳೆಯಿತು. ಪರದೇಶದಲ್ಲಿದ್ದ ಕನ್ನಡಿಗರಿಗೂ 1990ರ ದಶಕದಲ್ಲಿ ಅಲ್ಲಿ ಕರ್ನಾಟಕದ ಹೆಸರಿನದೇ ಒಂದು ಗುಂಪಿತ್ತು.

ಈ ಕಟ್ಟೆಗೆ ತನ್ನದೇ ಶಿಷ್ಟಾಚಾರವಿತ್ತು. ಹೊಸಬರು ಮೊದಲು ಕೆಲವು ದಿನ ಸುಮ್ಮನೆ ಓದಬೇಕು. ಆಮೇಲೆ ಬಾಯಿ ತೆರೆಯಬೇಕು. ಸಹಿಯ ಜಾಗ ನಾಲ್ಕು ಸಾಲು ಮೀರಬಾರದು. ಆ ನಾಲ್ಕು ಸಾಲಿನಲ್ಲಿ ತಮ್ಮ ಉದ್ಯೋಗ, ಅಂಗಡಿಯ ಹೆಸರು ಹಾಕಿಕೊಂಡರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಕೇಳಿದವರಿಗೆ ಉಪಯುಕ್ತ ಉತ್ತರ ಕೊಟ್ಟವನ ಸಹಿಯನ್ನು ಓದುಗರು ತಾವಾಗಿಯೇ ಗಮನಿಸುತ್ತಿದ್ದರು. ಜಾಹೀರಾತಿಗೆ ಅಲ್ಲಿ ಕೊಡಬೇಕಾಗಿದ್ದ ಬೆಲೆ ಹಣವಲ್ಲ, ತಿಳಿವಳಿಕೆ.

ಈ ಕಟ್ಟಳೆಯನ್ನು 1994ರ ಏಪ್ರಿಲ್ 12ರಂದು ಮುರಿದವರು ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ತಾ ಸೀಗಲ್ ಎಂಬ ವಕೀಲ ದಂಪತಿ. ಅಮೆರಿಕದಲ್ಲಿ ಕಾಯಂ ನೆಲೆಸಲು ಅನುಮತಿ ನೀಡುವ ‘ಗ್ರೀನ್ ಕಾರ್ಡ್’ ಲಾಟರಿಗೆ ಅರ್ಜಿ ಹಾಕಿಕೊಡುತ್ತೇವೆ ಎಂಬ ಜಾಹೀರಾತನ್ನು ಅವರು 5,500ಕ್ಕೂ ಹೆಚ್ಚು ಗುಂಪುಗಳಿಗೆ ಒಮ್ಮೆಲೇ ಹಂಚಿದರು. ವಾಸ್ತವವಾಗಿ ಆ ಅರ್ಜಿಗೆ ವಕೀಲರೇ ಬೇಕಾಗಿರಲಿಲ್ಲ. ಪ್ರತಿ ಗುಂಪಿಗೂ ಬೇರೆ ಬೇರೆ ಪ್ರತಿ ಹೋದುದರಿಂದ ಹತ್ತು ಗುಂಪು ಓದುವವನಿಗೆ ಹತ್ತು ಕಡೆಯೂ ಅದೇ ಎದುರಾಯಿತು. ಸಿಟ್ಟಿಗೆದ್ದ ಓದುಗರ ದೂರುಗಳ ಪ್ರವಾಹಕ್ಕೆ ಅವರಿಗೆ ಸಂಪರ್ಕ ಒದಗಿಸಿದ್ದ ಸಂಸ್ಥೆಯ ಕಂಪ್ಯೂಟರ್‌ಗಳೇ ಕುಸಿದವು; ಸಂಸ್ಥೆ ಅವರ ಖಾತೆಯನ್ನು ರದ್ದುಮಾಡಿತು.

ದಂಪತಿಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಲಕ್ಷ ಡಾಲರ್ ಸಂಪಾದಿಸಿದೆವೆಂದು ಹೇಳಿಕೊಂಡರು. ಅದೇ ವರ್ಷ, ಜಾಲದಲ್ಲಿ ಹಣ ಮಾಡುವುದು ಹೇಗೆಂದು ಪುಸ್ತಕವನ್ನೂ ಬರೆದರು. ಆದರೆ 1997ರಲ್ಲಿ ಟೆನೆಸೀ ರಾಜ್ಯದಲ್ಲಿ ಕ್ಯಾಂಟರ್ ಅವರ ವಕೀಲಿ ಸನ್ನದು ರದ್ದಾಯಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಜಾಹೀರಾತೂ ಒಂದು. ಡಬ್ಬಿ ಮಾಂಸವೊಂದರ ಹೆಸರಾಗಿದ್ದ ‘ಸ್ಪ್ಯಾಮ್’ ಎಂಬ ಪದ ಬೇಡದ ಸಂದೇಶಕ್ಕೆ ಅಡ್ಡಹೆಸರಾಗಿ ಲೋಕಪ್ರಸಿದ್ಧವಾದದ್ದೂ ಈ ಗಲಾಟೆಯ ನಂತರವೇ.

ಕೇಳಿ ಪಡೆದವರ ಪಟ್ಟಿ

ಈ ಗದ್ದಲ ನಡೆದ ಮರುವರ್ಷವೇ ಅದೇ ಇ-ಮೇಲನ್ನು ಇನ್ನೊಬ್ಬರು ಬೇರೆ ಬಗೆಯಲ್ಲಿ ಬಳಸಿದರು. ಸ್ಯಾನ್ ಫ್ರಾನ್ಸಿಸ್ಕೊಗೆ ಹೊಸದಾಗಿ ಬಂದಿದ್ದ ಪ್ರೋಗ್ರಾಮರ್ ಕ್ರೇಗ್ ನ್ಯೂಮಾರ್ಕ್, ಊರಿನಲ್ಲಿ ನಡೆಯುವ ಕಲೆ ಹಾಗೂ ತಂತ್ರಜ್ಞಾನ ಕಾರ್ಯಕ್ರಮಗಳ ವಿವರವನ್ನು 1995ರಲ್ಲಿ ಗೆಳೆಯರಿಗೆ ಬರೆದು ಕಳುಹಿಸತೊಡಗಿದರು. ನನ್ನ ಹೆಸರನ್ನೂ ಸೇರಿಸಿ ಎಂದು ಗೆಳೆಯರ ಗೆಳೆಯರು ಕೇಳಿದರು. ಮುಂದೆ ಜನ ಕೆಲಸ ಖಾಲಿ ಇರುವ ವಿಷಯ, ಬಾಡಿಗೆ ಮನೆಯ ವಿಷಯವನ್ನೂ ಅದರಲ್ಲಿ ಹಾಕಲು ಕೋರಿದರು. 1996ರಲ್ಲಿ ಅದು ವೆಬ್‌ಗೆ ಬಂತು. ಅಮೆರಿಕದ ಪತ್ರಿಕೆಗಳ ವರ್ಗೀಕೃತ ಜಾಹೀರಾತಿನ ಆದಾಯಕ್ಕೇ ಪೆಟ್ಟು ಕೊಟ್ಟ ‘ಕ್ರೇಗ್ಸ್‌ಲಿಸ್ಟ್’ ಹುಟ್ಟಿದ್ದು ಹೀಗೆ. ಆ ಪಟ್ಟಿಗೆ ಯಾರನ್ನೂ ಎಳೆದು ತರಲಿಲ್ಲ.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಹಾಗೂ ಜ್ಯಾಕ್ ಸ್ಮಿತ್ ಅಮೆರಿಕದಲ್ಲಿ 1996ರ ಜುಲೈ 4ರಂದು ಆರಂಭಿಸಿದ ‘ಹಾಟ್‌ಮೇಲ್’ನ ಜಾಣ್ಮೆ ಇನ್ನೊಂದು ಬಗೆಯದು. ಅದರ ಮೂಲಕ ಹೋಗುವ ಪ್ರತಿ ಪತ್ರದ ಕೊನೆಗೂ, ನಿಮಗೂ ಉಚಿತ ಇ-ಮೇಲ್ ಬೇಕಿದ್ದರೆ ಇಲ್ಲಿ ಬನ್ನಿ ಎಂಬ ಅರ್ಥದ ಒಂದು ಸಾಲು ಅಂಟಿಕೊಂಡಿರುತ್ತಿತ್ತು. ಪತ್ರ ಗೆಳೆಯನದು, ಜಾಹೀರಾತು ಅದರ ಬೆನ್ನೇರಿ ಬಂದದ್ದು. ಒಂದೂವರೆ ವರ್ಷದೊಳಗೆ ಬಳಕೆದಾರರ ಸಂಖ್ಯೆ 80 ಲಕ್ಷ ದಾಟಿತು. 1997ರ ಡಿಸೆಂಬರ್‌ನಲ್ಲಿ ಮೈಕ್ರೊಸಾಫ್ಟ್ ಅದನ್ನು ಕೊಂಡುಕೊಂಡಿತು.

ಈ ಅನುಭವಗಳಿಂದ ಬೆಳೆದು ಬಂದ ನೀತಿ ಸರಳ: ಮೊದಲು ಅನುಮತಿ, ಆಮೇಲೆ ಮಾರಾಟ. ಒಳ್ಳೆಯ ಸುದ್ದಿಪತ್ರ ನಡೆಸುವವರು ಹೆಸರು ಕೊಟ್ಟ ಕೂಡಲೇ ಪತ್ರ ಕಳುಹಿಸಲು ಆರಂಭಿಸುವುದಿಲ್ಲ. ಹೆಸರು ಕೊಟ್ಟವರು ನೀವೇ ಹೌದೇ ಎಂದು ಇನ್ನೊಂದು ಪತ್ರ ಬರೆದು ಖಚಿತಪಡಿಸಿಕೊಳ್ಳುತ್ತಾರೆ. ಯಾರದೋ ವಿಳಾಸವನ್ನು ಇನ್ನಾರೋ ಕೊಟ್ಟಿರಬಹುದಲ್ಲ? ಬೇಡವೆಂದವರ ಹೆಸರನ್ನು ಪಟ್ಟಿಯಿಂದ ತಕ್ಷಣ ತೆಗೆಯುವುದೂ ಅಷ್ಟೇ ಮುಖ್ಯ.

ಕಾನೂನು ಇದನ್ನು ಒಪ್ಪಿದ್ದು ದೇಶಕ್ಕೊಂದು ಬಗೆಯಲ್ಲಿ. ಐರೋಪ್ಯ ಒಕ್ಕೂಟ 2002ರಲ್ಲಿಯೇ ಜಾಹೀರಾತು ಇ-ಮೇಲ್‌ಗೆ ಪೂರ್ವಾನುಮತಿ ಬೇಕೆಂದಿತು. ಅಮೆರಿಕದ 2003ರ ಕಾಯ್ದೆ ಪೂರ್ವಾನುಮತಿ ಕೇಳಲಿಲ್ಲ. ಬೇಡವೆನ್ನುವ ದಾರಿ ಇಟ್ಟರೆ ಸಾಕೆಂದಿತು. ಕಾನೂನಿಗಿಂತ ಬಿಗಿಯಾದ ಲಗಾಮು ಅಂಚೆ ಹಂಚುವವರದೇ. 2024ರಿಂದ ಗೂಗಲ್, ತನ್ನ ಜಿಮೇಲ್ ಗ್ರಾಹಕರಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಷರತ್ತು ವಿಧಿಸಿದೆ: ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವಂತಿರಬೇಕು, ಸ್ಪ್ಯಾಮ್ ಎಂಬ ದೂರು ಸಾವಿರಕ್ಕೆ ಮೂರನ್ನು ಮುಟ್ಟಬಾರದು. ಮೀರಿದರೆ, ಕೇಳಿ ಹೆಸರು ಕೊಟ್ಟ ಗಿರಾಕಿಗೂ ಪತ್ರ ತಲುಪದೆ ಹೋಗಬಹುದು.

ದೊಡ್ಡ ಕಂಪೆನಿಗಳಿಗೆ ಜಾಹೀರಾತಿನ ಬೇರೆ ದಾರಿಗಳಿವೆ. ಮನೆಯಲ್ಲೇ ಕುಳಿತು ಸಣ್ಣ ವ್ಯಾಪಾರ ಮಾಡುವವರಿಗೆ ಇ-ಮೇಲ್ ಪಟ್ಟಿಯೇ ಅಂಗಡಿಯ ಬಾಗಿಲು. ಹಣ ಕೊಟ್ಟು ತಂದ ಲಕ್ಷ ವಿಳಾಸಗಳಿಗಿಂತ, ತಾವಾಗಿ ಹೆಸರು ಬರೆಸಿದ ನೂರು ಮಂದಿ ಅಲ್ಲಿ ಹೆಚ್ಚು ಬೆಲೆ ಬಾಳುತ್ತಾರೆ. ಕಾರಣ, ಆ ನೂರು ಮಂದಿ ಪತ್ರ ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುತ್ತಾರೆ.