ಕ್ರೀಡೆಯೂ ಕಾಲೇಜು ಪ್ರವೇಶವೂ

ಓಟದಲ್ಲಿ ಮುಂದಿರುವ ಮಗಳಿಗೆ ಆ ಕಾರಣದಿಂದ ಉತ್ತಮ ಕಾಲೇಜಿನಲ್ಲಿ ಸ್ಥಳ ದೊರೆಯುವದೋ ಎಂದು ಶಿರೂರಿನ ತಾಯಿತಂದೆಗಳು ನಮ್ಮನ್ನು ಕೇಳುವದುಂಟು. ದೊರೆಯಬಹುದು, ಆದರೆ ಅದರ ಕ್ರಮವನ್ನು ತಿಳಿದಿರಬೇಕು.

ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯು ಆಯ್ದ ಕ್ರೀಡಾಪಟುಗಳಿಗೆ ವಿದ್ಯೆಯನ್ನೂ ಊಟವಸತಿಗಳನ್ನೂ ಉಚಿತವಾಗಿ ಕೊಡುತ್ತದೆ. ದಿಲ್ಲಿ ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಕ್ರೀಡೆಗಾಗಿ ಇಡುವ ಸ್ಥಳಗಳು ನೂರಕ್ಕೆ 5ನ್ನು ಮೀರಕೂಡದು. ಅಲ್ಲಿ ಪ್ರಮಾಣಪತ್ರಗಳನ್ನು ನೋಡಿ, ಮೈದಾನದಲ್ಲಿಯೂ ಪರೀಕ್ಷಿಸುವರು. 2022ರಿಂದ ಸಾಮಾನ್ಯ ಪ್ರವೇಶಪರೀಕ್ಷೆಯನ್ನೂ ಬರೆಯಬೇಕಾಗಿದೆ.

ಇಂಥ ಮಿತಿಯು ಏಕೆ ಬೇಕೆಂಬದು ಅಮೇರಿಕದ ಆಮ್ಹರ್ಸ್ಟ್, ವಿಲಿಯಮ್ಸ್ ಕಾಲೇಜುಗಳನ್ನು ನೋಡಿದರೆ ತಿಳಿಯುವದು. ಅವುಗಳಲ್ಲಿ ಒಂದೊಂದರಲ್ಲಿ ಸುಮಾರು 2,000 ಮಂದಿ ಮಾತ್ರ ಓದುವರು. ಕ್ರೀಡೆಗೆಂದು ವಿದ್ಯಾರ್ಥಿವೇತನವಿಲ್ಲ; ಆದಾಗ್ಯೂ ತರಬೇತುದಾರರು ತಮಗೆ ಬೇಕಾದವರ ಹೆಸರುಗಳನ್ನು ಪ್ರವೇಶಾಧಿಕಾರಿಗಳಿಗೆ ಸೂಚಿಸುವರು. ಕಾಲೇಜು ಚಿಕ್ಕದಾದರೆ ಆಟದ ತಂಡವು ಚಿಕ್ಕದಾಗದಷ್ಟೆ. ಆದಕಾರಣ ಅಲ್ಲಿ ಹೆಚ್ಚು ಕಡಿಮೆ ಮೂವರಲ್ಲಿ ಒಬ್ಬರು ಆಟಗಾರರೇ. ಆಟವಾಡದ ಜಾಣೆಗೆ ಉಳಿಯುವ ಸ್ಥಳಗಳು ಅಷ್ಟು ಕಡಿಮೆ. ಅಂಕಗಳು ತೀರ ಕೆಳಗಿದ್ದವರಿಗಾದರೋ ತರಬೇತುದಾರರ ಮಾತೂ ನೆರವಾಗದು.

ಆದುದರಿಂದ ಮಗಳ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿರಿ. ಸಂಜೆ ಓಡಿಬಂದವಳಿಗೆ ಮನೆಗೆಲಸವನ್ನು ಕಡಿಮೆಮಾಡಿ, ರಾತ್ರಿ ಓದುವದಕ್ಕೆ ಹೊತ್ತು ಕೊಡಿರಿ. ಕಾಲು ಉಳುಕಿದ ವರ್ಷದಲ್ಲಿಯೂ ಆಕೆಯು ಆ ತರಗತಿಯಲ್ಲಿ ಓದಿ ತೇರ್ಗಡೆಯಾಗಬೇಕಲ್ಲವೇ?