ಕಿವಿರಿನಲ್ಲಿ ಉಳಿದ ಕಿಡಿಗಳು

ಅಮೆರಿಕದ ನಾರ್ತ್ ಡಕೋಟಾದಲ್ಲಿ ಟ್ಯಾನಿಸ್ ಎಂಬ ಪಳೆಯುಳಿಕೆ ತಾಣವಿದೆ. ಅಲ್ಲಿನ ಹೂಳಿನ ಪದರದಲ್ಲಿ ಸ್ಟರ್ಜನ್ ಮತ್ತು ಪ್ಯಾಡಲ್ ಮೀನುಗಳು ಒತ್ತೊತ್ತಾಗಿ ಹೂತುಹೋಗಿವೆ. ಸ್ಟರ್ಜನ್‌ಗಳ ಪೈಕಿ ಎರಡು ಹೊಸ ಪ್ರಭೇದಗಳನ್ನು ವಿಜ್ಞಾನಿಗಳಾದ ಎರಿಕ್ ಹಿಲ್ಟನ್ ಮತ್ತು ಲ್ಯಾನ್ಸ್ ಗ್ರಾಂಡೆ ಗುರುತಿಸಿದ್ದಾರೆ. ಎರಡೂ ಅಳಿದುಹೋದವು. ಆದರೆ ಅವು ಸೇರುವ ಅಸಿಪೆನ್ಸರ್ ಕುಲದ ಮೀನುಗಳು ಇಂದಿಗೂ ನದಿಗಳಲ್ಲಿವೆ: ಬೆನ್ನು, ಪಕ್ಕೆಗಳ ಉದ್ದಕ್ಕೂ ಎಲುಬಿನ ಫಲಕಗಳ ಸಾಲು, ಹಲ್ಲಿಲ್ಲದ ಬಾಯಿ, ಮೂತಿಯ ಕೆಳಗೆ ನಾಲ್ಕು ಮೀಸೆ.

ಟ್ಯಾನಿಸ್‌ನ ಮೀನುಗಳ ಕಿವಿರುಗಳನ್ನು ಎಕ್ಸ್-ರೇಯಲ್ಲಿ ನೋಡಿದಾಗ ಸಾಸಿವೆಗಿಂತ ಚಿಕ್ಕ ಗುಂಡುಗಳು ಕಂಡವು. 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೋದ ಚಿಕ್ಸುಲುಬ್‌ಗೆ ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ ಅಪ್ಪಳಿಸಿದಾಗ ಕರಗಿ ಆಕಾಶಕ್ಕೆ ಚಿಮ್ಮಿದ ಬಂಡೆ, ಹನಿಹನಿಯಾಗಿ ಗಟ್ಟಿಗೊಂಡು ಸುಮಾರು 3,000 ಕಿ.ಮೀ. ದೂರದ ಟ್ಯಾನಿಸ್‌ನಲ್ಲಿ ಆಗ ಹರಿಯುತ್ತಿದ್ದ ನದಿಗೂ ಸುರಿದಿತ್ತು. ಭೂಕಂಪನದ ಅಲೆಗಳು ಅದಕ್ಕೂ ಮೊದಲೇ ಬಂದು ನದಿಯ ನೀರನ್ನು ತೂಗಾಡಿಸಿದ್ದವು ಎಂಬುದು ಸಂಶೋಧಕರ ವಾದ. ಇದು ನಂಬಲಾಗದ ಮಾತೇನಲ್ಲ. 2011ರ ಜಪಾನ್ ಭೂಕಂಪಕ್ಕೆ ದೂರದ ನಾರ್ವೆಯ ಕಡಲ ಖಾರಿಗಳ ನೀರು ಉಕ್ಕಿ ಇಳಿದಿತ್ತು. ಮೀನು ಉಸಿರಾಡಲೆಂದು ಎಳೆದುಕೊಂಡ ನೀರಿನ ಜೊತೆ ಗುಂಡುಗಳು ಕಿವಿರಿಗೆ ಸಿಕ್ಕಿಕೊಂಡವು, ಹೊಟ್ಟೆಗೆ ಇಳಿಯಲಿಲ್ಲ. ಅಷ್ಟರೊಳಗೆ ಹೂಳು ಮುಚ್ಚಿಬಿಟ್ಟಿತು.

ನನ್ನನ್ನು ಹೆಚ್ಚು ಬೆರಗಾಗಿಸುವುದು ಇವುಗಳ ಎಲುಬು. ಮರದ ಕಾಂಡದಲ್ಲಿರುವಂತೆ ಸ್ಟರ್ಜನ್‌ನ ಈಜುರೆಕ್ಕೆಯ ಮುಳ್ಳಿನಲ್ಲೂ ವರ್ಷವರ್ಷದ ಬೆಳವಣಿಗೆಯ ಗೆರೆಗಳು ಮೂಡುತ್ತವೆ. ಸಂಶೋಧಕಿ ಮೆಲನಿ ಡ್ಯೂರಿಂಗ್ ಮತ್ತು ಸಂಗಡಿಗರು ಆರು ಮೀನುಗಳ ಎಲುಬನ್ನು ತೆಳುವಾಗಿ ಸೀಳಿ ನೋಡಿದರು. ಆರರಲ್ಲೂ ಬೆಳವಣಿಗೆ ಚಳಿಗಾಲದ ಮಂದಗತಿ ದಾಟಿ ಚುರುಕಾಗುತ್ತಿತ್ತು, ಬೇಸಿಗೆಯ ತುದಿ ಮುಟ್ಟಿರಲಿಲ್ಲ. ಹಾಗಾದರೆ ಕ್ಷುದ್ರಗ್ರಹ ಬಿದ್ದದ್ದು ಉತ್ತರಾರ್ಧಗೋಳದ ವಸಂತದಲ್ಲಿ ಎಂದು 2022ರಲ್ಲಿ ಅವರು 'ನೇಚರ್' ಪತ್ರಿಕೆಯಲ್ಲಿ ಬರೆದರು. ಪ್ರಾಣಿಗಳು ಮರಿ ಮಾಡುವ, ಗಿಡ ಚಿಗುರುವ ಹೊತ್ತು ಅದು. ಹೊಡೆತ ಇನ್ನಷ್ಟು ಕ್ರೂರವಾಗಿದ್ದಿರಬೇಕು.

ಅದೇ ಯುಗದಲ್ಲಿ ನಮ್ಮ ದಖ್ಖನಿನಲ್ಲಿ ಲಾವಾ ಉಕ್ಕಿ ಹರಿಯುತ್ತಿತ್ತು. ವಿಜಯಪುರ, ಕಲಬುರಗಿಗಳ ಕಪ್ಪು ಕಲ್ಲು ಅದರದ್ದೇ. ಡೈನೋಸಾರ್‌ಗಳ ಅಳಿವಿನಲ್ಲಿ ಕ್ಷುದ್ರಗ್ರಹದ ಜೊತೆಗೆ ಲಾವಾದ ಪಾಲೆಷ್ಟು ಎಂಬ ಚರ್ಚೆ ಮುಗಿದಿಲ್ಲ, ಈ ಮೀನುಗಳು ಅದನ್ನು ಬಗೆಹರಿಸುವುದೂ ಇಲ್ಲ. ಅವು ಹೇಳುವುದು ಒಂದೇ ಒಂದು ದಿನದ ಕಥೆ.

ಅಂಥ ದಿನವನ್ನೂ ದಾಟಿ ಬದುಕಿ ಬಂದ ವಂಶ ಸ್ಟರ್ಜನ್‌ಗಳದು. ಮೊಟ್ಟೆಯ ಆಸೆಗೆ ನಡೆಯುವ ಬೇಟೆ, ವಲಸೆಯ ದಾರಿಗೆ ಅಡ್ಡ ನಿಂತ ಅಣೆಕಟ್ಟುಗಳು ಈಗ ಅದನ್ನು ಮುಗಿಸುತ್ತಿವೆ. ಉಳಿದಿರುವ 26 ಸ್ಟರ್ಜನ್ ಪ್ರಭೇದಗಳೂ ಅಳಿವಿನ ಅಪಾಯದಲ್ಲಿವೆ ಎಂದು ಪ್ರಕೃತಿ ಸಂರಕ್ಷಣೆಯ ಜಾಗತಿಕ ಒಕ್ಕೂಟ ಐಯುಸಿಎನ್ 2022ರಲ್ಲಿ ಪ್ರಕಟಿಸಿತು.